ಮೊದಲ ಸಾವಿರ ಮಂದಿ

ಅಣೆಕಟ್ಟೆಯ ಗೇಟು ತೆರೆದಾಗಿತ್ತು. ನೀರು ಹೊರಟಾಗಿತ್ತು. ನದಿದಂಡೆಯವರಿಗೆಲ್ಲ ಎಚ್ಚರಿಕೆಯ ಮೆಸೇಜ್ ಕಳಿಸಬೇಕಿದ್ದ ಸರ್ವರ್ ಮಾತ್ರ ಮತ್ತೆ ಸತ್ತು ಬಿದ್ದಿತ್ತು!

ಬಿದ್ದ ಸಿಸ್ಟಂಗಳನ್ನು ಎಬ್ಬಿಸುವುದು ನನ್ನ ಕಸುಬು. ಎಲ್ಲರೂ ಕೈ ಸುಟ್ಟುಕೊಂಡ ಮೇಲೆ ನನಗೆ ಫೋನ್ ಬರುತ್ತದೆ.

ಕಾರಣ ಬೇಗ ಸಿಕ್ಕಿತು. ಡೇಟಾಬೇಸಿನಲ್ಲಿ ಲಕ್ಷಾಂತರ ನಂಬರುಗಳು. ಪ್ರೋಗ್ರಾಂ ಅಷ್ಟನ್ನೂ ಒಂದೇ ಸಲ ಮೆಮೊರಿಗೆ ತುಂಬಿಕೊಂಡು, ಆಮೇಲೆ ಕಳಿಸಲು ಹೊರಡುತ್ತಿತ್ತು. ಕೆರೆಯನ್ನೇ ಬಾಯಿಗೆ ಸುರಿದುಕೊಂಡರೆ ಯಾರು ಬದುಕುತ್ತಾರೆ? ಮೊದಲ ಮೆಸೇಜಿಗೆ ಮುಂಚೆಯೇ ಉಸಿರು ನಿಲ್ಲುತ್ತಿತ್ತು.

ಸ್ವಲ್ಪ ಸ್ವಲ್ಪವೇ ಓದಿ ಕಳಿಸುವಂತೆ ತಿದ್ದುತ್ತೇನೆ, ಸಮಯ ಕೊಡಿ ಎಂದೆ. ಎಚ್ಚರಿಕೆ ಕೇಂದ್ರದ ಮುಖ್ಯಸ್ಥ ಕೊಡಲಿಲ್ಲ. ಮಂತ್ರಿಗಳ ಕಚೇರಿ ಲೈನಿನಲ್ಲಿ ಕಾಯುತ್ತಿತ್ತಂತೆ. ತಾನೇ ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ನಂಬರುಗಳನ್ನು ತರಿಸುವ ಕ್ವೆರಿಯ ತುದಿಗೆ ಒಂದು ಮಿತಿ ಬರೆದ. ಮೊದಲ ಸಾವಿರ ಸಾಲು ಸಾಕು.

ಸರ್ವರ್ ಸಾಯಲಿಲ್ಲ. ಸ್ಕ್ರೀನ್ ಹಸಿರಾಯಿತು. ಕೋಣೆಯಲ್ಲಿದ್ದ ಅಧಿಕಾರಿಗಳ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಚಪ್ಪಾಳೆ.

"ನೋಡಿ, ಎಲ್ಲರಿಗೂ ಹೋಯ್ತು," ಎಂದ ಮುಖ್ಯಸ್ಥ.

ನಾನು ಅಕ್ಕನಿಗೆ ಫೋನ್ ಮಾಡಿದೆ. ದಂಡೆಯ ಮೇಲೆ ಮನೆ. ಕಾಲಿಗೆ ಪ್ಲಾಸ್ಟರ್.

"ಯಾವ ಮೆಸೇಜೇ? ಇಲ್ಲೇನೂ ಬಂದಿಲ್ಲ."

"ಪಕ್ಕದ ಮನೆಯವರನ್ನ ಕೂಗು. ಈಗ್ಲೇ ಮೇಲಕ್ಕೆ ಹೋಗು."

"ನಿಂದೊಂದು ಗಾಬರಿ ಕಣೇ..."

ಲೈನ್ ಕಟ್ಟಾಯಿತು.

ಆ ಸಾವಿರ ಮಂದಿ ಯಾರೆಂದು ತೆಗೆದು ನೋಡಿದೆ. ಉದ್ಘಾಟನೆಯ ದಿನ ಫೋಟೋಗೆ ನಿಂತು ಹೆಸರು ಸೇರಿಸಿಕೊಂಡವರು. ಅಧಿಕಾರಿಗಳು, ಅವರ ಹೆಂಡತಿಯರು, ಭಾವಮೈದುನರು, ಷಡ್ಡಕರು. ದಂಡೆಯವರು ಆಮೇಲೆ ಸೇರಿದವರು.

ಹೇಳಿದೆ. ಮುಖ್ಯಸ್ಥನ ಮುಖ ಬಿಗಿಯಿತು.

"ಹಸಿರಾಗಿದೆ. ಇನ್ನೊಂದ್ಸಲ ಬೀಳಿಸಿದ್ರೆ ನಿಮ್ಮನ್ನ ಒಳಗೆ ಹಾಕಿಸ್ತೀನಿ."

ಕಾವಲುಗಾರನಿಗೆ ಕಣ್ಸನ್ನೆ ಹೋಯಿತು. ನಾನು ಲ್ಯಾಪ್‌ಟಾಪ್ ಕಿತ್ತುಕೊಂಡು ಓಡಿದೆ. ಮೆಟ್ಟಿಲು... ಕಾರಿಡಾರು... ಸರ್ವರ್ ರೂಮು. ಬಾಗಿಲಲ್ಲಿ ಕಾವಲುಗಾರನ ಕೈ ನನ್ನ ಭುಜ ಹಿಡಿಯಿತು.

"ನಿಮ್ಮ ಫೋನ್ ಕೂಗ್ತಾ?" ಕೇಳಿದೆ.

ಜೇಬಿನಿಂದ ತೆಗೆದು ನೋಡಿದ. ಏನೂ ಬಂದಿರಲಿಲ್ಲ. ಗುತ್ತಿಗೆಯವನು. ಉದ್ಘಾಟನೆಯ ದಿನ ಫೋಟೋಗೆ ನಿಲ್ಲದೆ ಕೇಂದ್ರದ ಗೇಟು ಕಾದವನು.

"ನನ್ ಹೆಂಡ್ತಿ ಮಕ್ಳು ದಂಡೆ ಮೇಲೇ ಇರೋದು, ಮೇಡಂ."

ನನ್ನನ್ನು ಒಳಕ್ಕೆ ತಳ್ಳಿದ. ತಾನೂ ಬಂದ. ಚಿಲಕ ಹಾಕಿದ.

ಹೊರಗೆ ಗುದ್ದು, ಬೈಗುಳ. ನಾನು ಮಿತಿಯನ್ನು ಕಿತ್ತೆಸೆದೆ. ಪ್ರೋಗ್ರಾಮಿಗೆ ಹೊಸದಾಗಿ ಬರೆದೆ: ಹಿಡಿಯಷ್ಟು ತಾ, ಕಳಿಸು, ಕೈ ಖಾಲಿ ಮಾಡು, ಎಲ್ಲಿಗೆ ನಿಂತೆ ಎಂಬುದೊಂದನ್ನೇ ನೆನಪಿಡು... ಮತ್ತೆ ಹಿಡಿಯಷ್ಟು. ಪ್ರೋಗ್ರಾಂ ಓಡಿಸಿದೆ. ಸ್ಕ್ರೀನಿನ ಮೇಲೆ ಮೆಮೊರಿಯ ಗೆರೆ ಏರಲಿಲ್ಲ, ಮಲಗಿದಲ್ಲೇ ಮಲಗಿತ್ತು. ಮೆಸೇಜುಗಳು ಹೊರಟವು.

ಬಹಳ ಹೊತ್ತಿನ ಮೇಲೆ ಕಾವಲುಗಾರನ ಫೋನ್ ಕೂಗಿತು. ಅವನು ಗೋಡೆಗೊರಗಿ ಕುಸಿದು ಕೂತ, ಹೆಂಡತಿಯ ನಂಬರು ಒತ್ತಿದ. ಮಕ್ಕಳನ್ನು ಎತ್ತಿಕೊಂಡು ಹೊರಟಾಗಿದೆ ಎಂದಳಂತೆ.

ಅಕ್ಕನನ್ನು ಪಕ್ಕದ ಮನೆಯವರು ಕುರ್ಚಿಯ ಸಮೇತ ಹೊತ್ತೊಯ್ದಿದ್ದರು. ಅವಳ ಮನೆಯ ಹಿಂದೆ, ನದಿಗೆ ಇನ್ನೂ ಹತ್ತಿರದ ಸಾಲಿನ ಮನೆಯವರು ಉಳಿಯಲಿಲ್ಲ. ಮೆಸೇಜ್ ಅವರನ್ನೂ ಮುಟ್ಟಿತ್ತು. ನೀರು ಮುಟ್ಟಿದ ಮೇಲೆ.

ತನಿಖೆ ನಡೆಯಿತು. ಅಶಿಸ್ತಿನ ಹೆಸರಿನಲ್ಲಿ ಕಾವಲುಗಾರನನ್ನು ತೆಗೆದರು. ಮುಖ್ಯಸ್ಥ ತನ್ನ ಫೋನನ್ನೇ ಸಾಕ್ಷಿಯಾಗಿ ಮೇಜಿನ ಮೇಲಿಟ್ಟ. ಎಚ್ಚರಿಕೆ ತನಗೆ ಸಕಾಲಕ್ಕೆ ತಲುಪಿತ್ತು ಎಂದ.

ಸುಳ್ಳಲ್ಲ. ಅವನ ಮನೆ ಇರುವುದು ಗುಡ್ಡದ ಮೇಲೆ.