ಊರಿಗೆ ಎಷ್ಟು ದೂರ

ಗೇಟಿನ ಹತ್ತಿರ ನಿಂತವನನ್ನು ಕುದುರೆ ಕೊಳ್ಳಲು ಬಂದವನೆಂದೇ ತಿಳಿದೆ.

"ಹಲ್ಲು ನೋಡ್ಬೇಕಾ?" ಅಂದೆ.

ಅವನ ಮುಖ ಕೆಂಪೇರಿತು. "ನಾನು ಕೌನ್ಸಿಲ್‌ನಿಂದ... ಪ್ಲಾನಿಂಗ್ ಆಫೀಸರ್, ಆಲ್ಡನ್ ಪ್ರಾಸರ್."

ನನ್ನ ನಗು ಅಲ್ಲೇ ಆರಿತು. ನಾವು ರೋಮಾನಿಗಳು, ಇಂಗ್ಲೆಂಡಿನಲ್ಲಿ ಊರೂರು ಅಲೆದು ಬದುಕಿದ ಜನ. ಹೆರೆಫರ್ಡ್ ದಾರಿಯ ಈ ಹೊಲ ಅಪ್ಪ ಕೊಂಡದ್ದೇ. ಆದರೆ ಸ್ವಂತ ನೆಲದಲ್ಲಿ ಎರಡು ಟ್ರೇಲರ್ ಮನೆ ನಿಲ್ಲಿಸಿಕೊಂಡು ಬದುಕಲು ಕೌನ್ಸಿಲ್ ಒಪ್ಪಬೇಕು. ಅಪ್ಪನ ಎದೆ ಹಾಳಾಗಿತ್ತು. ಇನ್ನೊಂದು ಚಳಿಗಾಲ ರಸ್ತೆ ಬದಿಯಲ್ಲಿ ಕಳೆಯುವ ಶಕ್ತಿ ಅವನಿಗಿರಲಿಲ್ಲ.

"ಊರಿಂದ ದೂರ ಇರೋ ಬಯಲಲ್ಲಿ ಅಲೆಮಾರಿಗಳಿಗೆ ಜಾಗ ಕೊಡೋದು ಕಷ್ಟ. ನಿಯಮ ಹಾಗಿದೆ," ಅಂದ ಆಲ್ಡನ್.

"ದೂರ ಅಂದ್ರೆ ಎಷ್ಟು?"

"ಅದನ್ನ ಬರೆದಿಲ್ಲ. ನಾವೇ ಅರ್ಥ ಮಾಡ್ಕೋಬೇಕು."

"ಹಾಗಾದ್ರೆ ಬನ್ನಿ, ನಡೆದೇ ನೋಡೋಣ."

ಊರಿನ ಮೊದಲ ಮನೆಯವರೆಗೆ ನಡೆದೆವು. ಕಿಟಕಿಯ ಪರದೆ ಸರಿಯಿತು. ಯಾರೋ ನನ್ನನ್ನು ಕಂಡು ಸರಕ್ಕನೆ ಎಳೆದುಕೊಂಡರು.

"ನಡೆಯೋಕೇನೂ ದೂರ ಇಲ್ಲ," ಎಂದ ಮೆಲ್ಲಗೆ, ಊರಿನ ಪರವಾಗಿ ತಾನು ನಾಚಿದವನಂತೆ.

ಮತ್ತೆ ಮತ್ತೆ ಬಂದ. ಚರಂಡಿ ನೋಡಬೇಕಂತೆ, ರಸ್ತೆಯ ತಿರುವು ನೋಡಬೇಕಂತೆ. ನೋಡಿದ್ದು ಮಾತ್ರ ನನ್ನನ್ನೇ. ಬಟ್ಟೆ ಒಣಹಾಕುವಾಗ ಹಗ್ಗದಾಚೆ ಕಣ್ಣಿಗೆ ಕಣ್ಣು ಸಿಕ್ಕರೆ, ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದ.

ಒಂದು ಮಧ್ಯಾಹ್ನ ಕೊಟ್ಟ ಚಹಾ ಮುಟ್ಟಲಿಲ್ಲ.

"ಈ ಕೇಸ್ ಬಿಡ್ತಿದ್ದೀನಿ, ಲೆಮೆಂಟೀನಾ."

"ಯಾಕೆ?"

"ಈಗೀಗ ನಿಮ್ಮನ್ನ ನೋಡೋಕೇ ಇಲ್ಲಿಗೆ ಬರ್ತೀನಿ. ನಾನು ಅರ್ಜಿಗೆ ಹೂಂ ಅಂದ್ರೆ, ನಾಳೆ ಊರಿನವರು ಇದನ್ನೇ ಹಿಡಿದು ಅನುಮತಿ ರದ್ದು ಮಾಡಿಸ್ತಾರೆ."

"ನಮ್ಮ ಪರ ಇದ್ದೋರು ನೀವೊಬ್ರು. ಪ್ರೀತಿ ಅಂತ ಹೇಳಿ ಬೀದಿಗೆ ಬಿಡ್ತೀರಾ? ಹೋಗಿ!"

ಹೋದ.

ಬದಲಿಗೆ ಬಂದ ಅಧಿಕಾರಿಣಿ ಕಾರಿನಿಂದಿಳಿಯದೆ ನೋಡಿ, ದೂರವೆಂದು ಅರ್ಜಿ ತಳ್ಳಿಹಾಕಿದಳು. ಮೇಲ್ಮನವಿ ಹಾಕಿದೆವು. ಆ ಚಳಿಗಾಲವೆಲ್ಲ ಅಪ್ಪ ಕೆಮ್ಮಿದ. ನಾನು ಆಲ್ಡನ್‌ಗೆ ಶಾಪ ಹಾಕುತ್ತಲೇ, ಹೊರಗೆ ಹೆಜ್ಜೆಯ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದೆ.

ಕೊನೆಗೆ ಮೇಲ್ಮನವಿ ತೀರ್ಮಾನಿಸಲು ಸರಕಾರದ ಇನ್‌ಸ್ಪೆಕ್ಟರ್ ಬಂದ. ಆ ಮುದುಕ ಅಧಿಕಾರಿ ಊರಿಗೆ ನಡೆದೇ ಹೋಗಿಬಂದ. ಇದು ದೂರವಲ್ಲ ಎಂದು ತೀರ್ಪು ಬರೆದ. ಆದರೂ ಬಯಲಿನ ಚೆಲುವು ಕೆಡುತ್ತದೆಂದು ಅನುಮತಿ ಮೂರೇ ವರ್ಷಕ್ಕೆ.

ಮರುದಿನ ಆಲ್ಡನ್ ಬಂದು ನೇರ ಅಪ್ಪನ ಮುಂದೆ ನಿಂತ.

"ಈಗ ಕೇಸ್ ಮುಗೀತು. ಲೆಮೆಂಟೀನಾ ಒಪ್ಪಿದ್ರೆ, ಅವಳನ್ನ ಮದುವೆ ಆಗ್ತೀನಿ."

"ಮೂರು ವರ್ಷ ಆದ್ಮೇಲೆ ನಮ್ಮನ್ನ ಇಲ್ಲಿಂದ ಎಬ್ಬಿಸಿದ್ರೆ?" ಅಪ್ಪ ಕೇಳಿದ.

"ನಿಮ್ಮ ಜೊತೆ ಹೊರಡ್ತೀನಿ."

ಅಪ್ಪ ಕೆಮ್ಮಿನ ನಡುವೆಯೇ ನಕ್ಕ. "ನೀನು ಗೋರ್ಜ ಕಣಯ್ಯಾ, ನಮ್ಮವನಲ್ಲ. ಟ್ರೇಲರ್ ರಿವರ್ಸ್ ತಗೊಳ್ಳೋಕೆ ಬರುತ್ತಾ?"

"ಬರಲ್ಲ."

ಇಬ್ಬರೂ ನನ್ನತ್ತ ತಿರುಗಿದರು. ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಮೊಳೆಯಿಂದ ಟ್ರೇಲರ್ ಎಳೆಯುವ ಗಾಡಿಯ ಕೀ ತೆಗೆದು ಅವನ ಅಂಗೈಯಲ್ಲಿಟ್ಟೆ. ಬೆರಳು ತಕ್ಷಣ ಹಿಂತೆಗೆಯಲಾಗಲಿಲ್ಲ.

"ಬೇಲಿ ಮುರಿದ್ರೆ ಮದುವೆ ಇಲ್ಲ," ಅಂದೆ.