ತಪ್ಪಕ್ಷರದ ನೋಟು

ಮಾಘದ ಚಳಿ ಬಿಟ್ಟು, ಹೊಲಗಳಲ್ಲಿ ಬಿಳಿಜೋಳ ಕೀಳುತ್ತಿದ್ದ ಕಾಲ. ಬಿಸಿಲು ಆಗಷ್ಟೇ ರೋಣದ ಪೇಟೆಗೆ ಇಳಿದಿತ್ತು. ಅಬ್ಬಿಗೇರಿಯ ಸಿದ್ದಲಿಂಗವ್ವ ಕುಪ್ಪಸದ ಖಣ ಆರಿಸಿ ಎರಡು ರೂಪಾಯಿ ನೋಟು ಕೊಟ್ಟಳು. ಅರಿವೆ ಅಂಗಡಿಯ ಪ್ರಭುಲಿಂಗಪ್ಪ ಅದನ್ನು ಬೆಳಕಿಗೆ ಹಿಡಿದ. ತಿರುವಿದ. ಮತ್ತೆ ಹಿಡಿದ.

“ಖೊಟ್ಟಿ ನೋಟ ತರೋ ಮಂದಿಗತೆ ಕಾಣ್ತೀನೇನ್ರಿ?” ಎಂದಳು ಅವಳು.

“ನೋಟ ಖರೇನ ಐತ್ರಿ. ಅಕ್ಷರ ತಪ್ಪೈತಿ.”

ಮೊದಲು ಅಚ್ಚಾದ ನೋಟುಗಳಲ್ಲಿ ಹಿಂದಿಯಲ್ಲಿ ‘ರುಪಯಾ’ ಎಂದು ತಪ್ಪಾಗಿತ್ತು, ಆಮೇಲಿನವುಗಳಲ್ಲಿ ‘ರುಪಯೇ’ ಎಂದು ತಿದ್ದಿದ್ದರು. “ಕಡೀ ಅಕ್ಷರದ ತಲಿ ಮ್ಯಾಲೆ ಕೊಂಡಿ ಇದ್ರ ತಿದ್ದಿದ್ದು. ನಾ ತಪ್ಪಿದ್ದನ್ನ ಕೂಡಿಸಿ ಇಡ್ತೀನಿ.”

“ತಪ್ಪಿದ್ದ ಯಾಕ?”

“ತಿದ್ದಿದ್ದು ಎಲ್ಲಾರ ಹಂತೇಲಿ ಇರ್ತೈತಿ,” ಎಂದು ಅವಳನ್ನೇ ನೋಡಿದ. ಅವಳು ಖಣದ ಅಂಚು ನೋಡಿದಳು.

ಅಂದಿನಿಂದ ಸಂತೆಗೆ ಬಂದಾಗಲೆಲ್ಲ ಮನೆಯ ನೋಟು ತಂದು ತೋರಿಸುವಳು. ನೋಟಿನ ಅಂಚಿನ ಮೇಲೆ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವು ಅಕ್ಷರ ಓದುತ್ತಿರಲಿಲ್ಲ.

ಯುಗಾದಿಯಾದ ಮೇಲೆ ಅವನ ತಾಯಿ ರೇಣುಕವ್ವ, ಹುಡುಗಿಯ ಕಡೆ ಹೊಲಮನೆ ಚಲೋ ಇದೆಯೆಂದು ತಾನಾಗಿಯೇ ಈ ಸಂಬಂಧ ಎತ್ತಿದಳು.

“ನಿಮ್ಮವ್ವ ಅಂದ್ಲಂತ ನನ್ನ ಕಟಗೋಬ್ಯಾಡ್ರಿ,” ಎಂದಳು ಸಿದ್ದಲಿಂಗವ್ವ.

“ನಿಶ್ಚಯದ ದಿನ ನೀ ಮೊದಲ ಕೊಟ್ಟ ತಪ್ಪಿನ ನೋಟ ಉಡಿಯಾಗ ಬಿದ್ರ ನಾ ಮನಸಾರೆ ಬಂದೀನಂತ ತಿಳಿ. ಬ್ಯಾರೆ ಬಿದ್ರ ಎದ್ದಬಿಡು,” ಎಂದ ಅವನು, ಚೇಷ್ಟೆಗೆ. ಅವಳು ಅದನ್ನು ಆಣೆಯಂತೆ ಇಟ್ಟುಕೊಂಡಳು.

ನಿಶ್ಚಯದ ದಿನ ರೇಣುಕವ್ವ ಅವಳ ಸೆರಗಿನ ಉಡಿಗೆ ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ನೋಟು ಹಾಕಿದಳು. ಗರಿಗರಿ ನೋಟು. ಕಡೆಯ ಅಕ್ಷರದ ತಲೆಯ ಮೇಲೆ ಕೊಂಡಿ.

ಆಚೆ ಗಂಡಸರ ನಡುವೆ ಅವನು ನಗುತ್ತಿದ್ದ. ಅವಳು ಸೆರಗು ಬಿಟ್ಟು ಎದ್ದಳು. ಕಾಯಿ ಉರುಳುತ್ತ ಹೋಗಿ ಅವನ ಕಾಲಿಗೆ ತಾಗಿತು.

“ಒಲ್ಲೆ,” ಎಂದಳು.

ತುಂಬಿದ ಮನೆಯಲ್ಲಿ ಆದ ಅವಮಾನ. ಯಾಕೆಂದು ಅವನು ಕೇಳಲಿಲ್ಲ. ಕಾರಹುಣ್ಣಿಮೆಗೆ ಮೊದಲೇ ಗಜೇಂದ್ರಗಡದ ಹುಡುಗಿಯ ಉಡಿ ತುಂಬಿಸಿ, ನಿಶ್ಚಯ ಮಾಡಿಕೊಂಡು ಬಂದ.

ಒಮ್ಮೆ ಕೇಳಿಯೇಬಿಡೋಣವೆಂದು ಅವಳು ಅಂಗಡಿಗೆ ಹೋದಳು. ಖಣವೊಂದಕ್ಕೆ ಅವಳು ಕೊಟ್ಟ ನೋಟನ್ನು ಅವನು ಬೆಳಕಿಗೆ ಹಿಡಿದು, ಗಿರಾಕಿಗಳಿಗೆಲ್ಲ ಕೇಳುವಂತೆ ಅಂದ: “ಖೊಟ್ಟಿ ಐತಿ. ಬ್ಯಾರೆ ಅಂಗಡಿ ನೋಡವ್ವಾ.”

ಒಳಗೆ ಎಲೆ ಮಡಚುತ್ತಿದ್ದ ರೇಣುಕವ್ವ ನಕ್ಕಳು. “ಇವಗೂ ನೋಟಿನ ಶಾಣ್ಯಾತನ ಅಷ್ಟಕ್ಕಷ್ಟ. ಅಂದು ನಿನ್ನ ಉಡಿಗೆ ಒಂದು ಮುದುಡಿದ ನೋಟ ಕೊಟ್ಟಿದ್ದ ನೋಡು. ಶುಭಕಾರ್ಯಕ್ಕ ಹಳೇದ್ಯಾಕಂತ ನಾನ ಹೊಸಾದ ಹಾಕಿದೆ.” ಅಡಿಕೆಯ ಸಂಚಿಯಿಂದ ಆ ನೋಟು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

ಇಬ್ಬರೂ ಅದನ್ನು ನೋಡಿದರು. ಕಡೆಯ ಅಕ್ಷರದ ತಲೆಯ ಮೇಲೆ ಕೊಂಡಿ ಇರಲಿಲ್ಲ. ಅವನು ಬೆರಳಿನಿಂದ ಅದನ್ನು ಅವಳತ್ತ ಸರಿಸಿದ. “ಇದು ನಿಂದು.”

“ಗಜೇಂದ್ರಗಡದಾಕಿ ಉಡಿಗೆ ಹೊಸಾದ ಹಾಕಿದ್ರೇನ್ರಿ?”

ಅವನು ಹೌದೆಂದು ತಲೆ ಆಡಿಸಿದ.

“ಹಂಗಾರ ತಿದ್ದಿದ್ದಾತು. ಇದು ಇನ್ನ ಯಾರಿಗೆ ಬೇಕು?”

ನೋಟು ಅಲ್ಲೇ ಬಿಟ್ಟು ಇಳಿದಳು. ಅವನ ದಿಬ್ಬಣ ಗಜೇಂದ್ರಗಡಕ್ಕೆ ಹೊರಟದ್ದು ಮುಂದಿನ ಸೋಮವಾರ.