ಕಂಬ ಅಲ್ಲಾಡಿತು

“ಇನ್ನೊಂದೇ ಒಂದ್ ಸಲ ಹಾಕಮ್ಮಾ, ಪ್ಲೀಸ್!”

“ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗಾಯ್ತಲ್ಲೇ ನಿಂದು,” ಎಂದಳು ಅಮ್ಮ. ಆದರೂ ಮೌಸ್ ಒತ್ತಿದಳು.

ಕಂಪ್ಯೂಟರಿನಲ್ಲಿ ರಾಕ್ ಬ್ಯಾಂಡಿನವರು ಕುಣಿದು ಕುಪ್ಪಳಿಸುತ್ತಿದ್ದರು. ಗಿಟಾರುಗಳು ಕಿರುಚಿದವು, ಡ್ರಮ್ ಧಡಧಡ ಎಂದಿತು. ಆಮೇಲೆ ಎಲ್ಲವೂ ಒಮ್ಮೆಲೇ ನಿಂತುಹೋಯಿತು. ಡ್ರಮ್ ಬಾರಿಸುವವನು ಟವೆಲಿನಿಂದ ಮುಖ ಒರೆಸಿಕೊಂಡ. ಹಾಲ್ ತುಂಬ ಜನ, ಒಬ್ಬರದ್ದೂ ಸದ್ದಿಲ್ಲ. ಆ ಮೌನದ ಮಧ್ಯೆ ಒಂದು ಚೂಪು ದನಿ ಕೇಳಿಸಿತು.

“ಅಮ್ಮಾ, ಸಾಕು! ಮನೆಗೆ ಹೋಗೋಣ!”

ಪೀಪಿ ಕಿಸಕ್ಕನೆ ನಕ್ಕಳು. ಅದು ಅವಳದೇ ದನಿ. ಆ ದನಿಗೇ ಅವಳಿಗೆ ಪೀಪಿ ಅಂತ ಹೆಸರು ಬಿದ್ದಿದ್ದು.

ಅಮ್ಮನ ಕೆಲಸ ಕ್ಯಾಮರಾದ್ದು. ಬ್ಯಾಂಡಿನವರು ಹಾಡುವಾಗ ಹಾಲಿನಲ್ಲಿ ಬೇರೆ ಬೇರೆ ಕಡೆ ಕ್ಯಾಮರಾ ಇಡುತ್ತಾರೆ. ಮಧ್ಯದ್ದು ಅಮ್ಮನದು. ಆಮೇಲೆ ಎಲ್ಲವನ್ನೂ ಮನೆಗೆ ತಂದು, ಬೇಕಾದ್ದನ್ನು ಕತ್ತರಿಸಿ ಜೋಡಿಸಿ ಒಂದು ವಿಡಿಯೋ ಮಾಡುವುದೂ ಅವಳೇ. ಎಲ್ಲಾದರೂ ಒಂದು ಕ್ಯಾಮರಾದ ಚಿತ್ರ ಅಲ್ಲಾಡಿದ್ದರೆ ಅದನ್ನು ಕಿತ್ತು ಹಾಕಿ, ಬೇರೆ ಕ್ಯಾಮರಾದ್ದನ್ನು ಅಂಟಿಸುತ್ತಾಳೆ. ನೋಡಿ ನೋಡಿ ಅವಳ ಕಣ್ಣು ಕೆಂಪಗಾಗಿದೆ. ಮೊನ್ನೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದಳು. ಪಾಪ, ಅಪ್ಪ ತುಟಿ ಪಿಟಕ್ಕೆನ್ನದೆ ಉಂಡಿದ್ದರು.

ಈ ಹಾಡಿನ ಶೂಟಿಂಗ್ ಇದ್ದ ಸಂಜೆ ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಇತ್ತು. ಹಾಗಾಗಿ ಅಮ್ಮ ಪೀಪಿಯನ್ನೂ ಕರೆದುಕೊಂಡು ಹೋಗಿದ್ದಳು. ತನ್ನ ಹಿಂದೆ ವೈರ್ ತುಂಬುವ ಪೆಟ್ಟಿಗೆಯ ಮೇಲೆ ಕೂರಿಸಿ ಹೇಳಿದ್ದಳು:

“ನೋಡು ಪುಟ್ಟಾ, ಕ್ಯಾಮರಾ ಹಿಡಿದ ಮೇಲೆ ನಾನು ಅಮ್ಮ ಅಲ್ಲ, ಕಂಬ. ಕಂಬ ಮಾತಾಡಲ್ಲ, ಅಲ್ಲಾಡಲ್ಲ. ಸರೀನಾ?”

ಪೀಪಿ ತುಂಬ ಹೊತ್ತು ತಡೆದುಕೊಂಡಳು. ಕಾಲು ಜೋಮು ಹಿಡಿಯಿತು, ಕಿವಿ ಗುಂಯ್ ಎಂದಿತು. ಕೊನೆಗೆ ಸದ್ದು ನಿಂತ ಕೂಡಲೇ ಕೂಗಿಯೇ ಬಿಟ್ಟಳು. ಎಲ್ಲರಿಗೂ ಕೇಳಿಸಿತು ಅಂತ ಗೊತ್ತಾಗಿ, ನಾಚಿಕೆಯಿಂದ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಮತ್ತೆ ತಲೆ ಎತ್ತಿದಾಗ ಅಮ್ಮನ ಬೆನ್ನು ಮೊದಲಿದ್ದ ಹಾಗೇ ಇತ್ತು. ಕಂಬ, ಥೇಟ್ ಕಂಬ. ಆಗ ಅವಳಿಗೆ ನಿಜವಾಗಿ ಅಳು ಬಂದಿತ್ತು.

ಆದರೆ ಈಗ ಖುಷಿಯೋ ಖುಷಿ. “ಶುಕ್ರವಾರ ವಿಡಿಯೋ ರಿಲೀಸ್, ಅದ್ರಲ್ಲಿ ನನ್ನ ವಾಯ್ಸ್ ಇದೆ!” ಎಂದು ಕ್ಲಾಸಿನಲ್ಲೆಲ್ಲ ಡಂಗುರ ಸಾರಿಯಾಗಿತ್ತು.

ಅಷ್ಟರಲ್ಲಿ ಅಮ್ಮನ ಫೋನ್ ರಿಂಗಾಯಿತು. ಬ್ಯಾಂಡಿನ ಹಾಡುಗಾರ. ಅಮ್ಮ ಸ್ಪೀಕರ್ ಒತ್ತಿದಳು.

“ಮೇಡಂ, ಚೆನ್ನಾಗಿ ಬಂದಿದೆ. ಒಂದೇ ಒಂದು. ಆ ಗ್ಯಾಪಲ್ಲಿ ಯಾರದೋ ಮಗು ಕೂಗುತ್ತಲ್ಲ, ಅದು ಬೇಡ. ಆ ಸೈಲೆನ್ಸೇ ನಮ್ಮ ಹಾಡಿನ ಜೀವ.”

“ಆಯ್ತು ಸರ್, ತೆಗೀತೀನಿ,” ಎಂದಳು ಅಮ್ಮ.

ಪೀಪಿ ಅಮ್ಮನ ತೋಳು ಹಿಡಿದು ಎಳೆದಳು. “ಯಾರದೋ ಮಗು ಅಲ್ಲ ಅಂತ ಹೇಳ್ಬೇಕಿತ್ತು ನೀನು!”

“ಅವರ ಹಾಡು ಕಣೇ. ಅವರು ಹೇಳಿದ್ ಹಾಗೆ ಮಾಡ್ಬೇಕು.”

“ನಾನು ಎಲ್ರಿಗೂ ಹೇಳಿಬಿಟ್ಟಿದ್ದೀನಿ! ಅವತ್ತೂ ಅಷ್ಟೇ. ನಾನು ಅಷ್ಟ್ ಜೋರಾಗಿ ಕೂಗಿದ್ರೂ ನೀನು ತಿರುಗಿ ಕೂಡ ನೋಡ್ಲಿಲ್ಲ!”

ಅಮ್ಮ ಕಣ್ಣುಜ್ಜಿಕೊಂಡು ಮತ್ತೆ ಕಂಪ್ಯೂಟರಿನತ್ತ ತಿರುಗಿದಳು. ಪೀಪಿ ಮುಖ ಊದಿಸಿಕೊಂಡು ಹೋಗಿ ಮಲಗಿದಳು.

ಶುಕ್ರವಾರ ಸ್ಕೂಲ್ ಬಿಟ್ಟ ಮೇಲೆ ಎಲ್ಲರೂ ರೇಡಿಯೋ ಮನೆಯಲ್ಲಿ ಸೇರಿದರು. ರೇಡಿಯೋ ಅಂದರೆ ಅವಳ ಕ್ಲಾಸಿನ ಹುಡುಗ. ಒಮ್ಮೆ ಬಾಯಿ ತೆರೆದರೆ ಆಫ್ ಮಾಡುವ ಬಟನ್ನೇ ಇಲ್ಲ. ಅವನ ಮನೆಯ ಟಿವಿ ದೊಡ್ಡದು.

ಪೀಪಿ ಸೋಫಾದ ಮೂಲೆಯಲ್ಲಿ ಮುದುಡಿ ಕುಳಿತಳು. ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸುಳ್ಳು ಹೇಳುವುದಕ್ಕೂ ಅವಳಿಗೆ ಸುಸ್ತು.

ಗಿಟಾರ್ ಕಿರುಚಿತು. ಡ್ರಮ್ ಧಡಧಡ ಎಂದಿತು. ಎಲ್ಲವೂ ನಿಂತಿತು.

“ಶ್! ಈಗ ಬರತ್ತೆ ನೋಡ್ರೋ!” ಎಂದ ರೇಡಿಯೋ.

ಏನೂ ಬರಲಿಲ್ಲ. ಬರೀ ಮೌನ. ಆಮೇಲೆ ಮತ್ತೆ ಹಾಡು ಶುರುವಾಯಿತು.

“ಎಲ್ಲೇ ನಿನ್ ವಾಯ್ಸು? ಬರೀ ಬುರುಡೆ!” ಎಂದು ರೇಡಿಯೋ ಹೊಟ್ಟೆ ಹಿಡಿದುಕೊಂಡು ನಕ್ಕ. ಉಳಿದವರೂ ನಕ್ಕರು.

ಪೀಪಿ ಮಾತ್ರ ಟಿವಿಯನ್ನೇ ನೋಡುತ್ತಿದ್ದಳು. ಅಲ್ಲಿ ಡ್ರಮ್ಮಿನವನು ಮುಖ ಒರೆಸಿಕೊಳ್ಳಬೇಕಿತ್ತಲ್ಲ? ಟವೆಲ್ ಎಲ್ಲಿ ಹೋಯಿತು?

“ಸ್ವಲ್ಪ ಹಿಂದಕ್ಕೆ ಹಾಕೋ,” ಎಂದಳು.

“ಎಷ್ಟ್ ಹಿಂದಕ್ಕೆ ಹಾಕಿದ್ರೂ ನೀನಿಲ್ಲ ಬಿಡು,” ಎನ್ನುತ್ತಲೇ ರೇಡಿಯೋ ರಿಮೋಟ್ ಒತ್ತಿದ.

ಈ ಸಲ ಪೀಪಿ ಕಣ್ಣು ಮಿಟುಕಿಸದೆ ನೋಡಿದಳು. ಡ್ರಮ್ಮಿನವನ ಚಿತ್ರ ತೆಗೆದು, ಅಮ್ಮ ತನ್ನ ಮಧ್ಯದ ಕ್ಯಾಮರಾದ ಚಿತ್ರ ಹಾಕಿದ್ದಳು. ಹಾಡುಗಾರ ಕಣ್ಣು ಮುಚ್ಚಿ ನಿಂತಿದ್ದ. ಅವಳು ಕೂಗಿದ್ದ ಜಾಗ ಬಂತು. ದನಿ ಇಲ್ಲ. ಆದರೆ ಚಿತ್ರ ಸಣ್ಣಗೆ ಅಲ್ಲಾಡಿತು. ಹಾಡುಗಾರ ಒಂದು ಪಕ್ಕಕ್ಕೆ ಜಾರಿ, ಅವನ ಅರ್ಧ ಭುಜ ಕಾಣದಾಯಿತು. ಮರುಕ್ಷಣವೇ ಎಲ್ಲ ಸರಿಯಾಯಿತು.

ಕ್ಯಾಮರಾ ತಾನಾಗಿಯೇ ಅಲ್ಲಾಡುವುದಿಲ್ಲ. ಅದನ್ನು ಹಿಡಿದವರು ಅಲ್ಲಾಡಬೇಕು.

“ಏನ್ ಕಾಣಿಸ್ತೇ ನಿಂಗೆ?” ಎಂದು ಕೇಳಿದ ರೇಡಿಯೋ.

“ಏನಿಲ್ಲ,” ಎಂದಳು ಪೀಪಿ. ಚೀಲ ಹೆಗಲಿಗೇರಿಸಿ ಹೊರಟಳು. ಯಾರಾದರೂ ನಗುತ್ತಿದ್ದಾರಾ ಎಂದು ಹಿಂದಿರುಗಿ ನೋಡಲೂ ಇಲ್ಲ.

ಮನೆಯಲ್ಲಿ ಅಮ್ಮ ಕಂಪ್ಯೂಟರಿನ ಮುಂದೆಯೇ ಮೇಜಿಗೆ ತಲೆಯಿಟ್ಟು ಮಲಗಿದ್ದಳು. ಪಕ್ಕದಲ್ಲಿ ಅರ್ಧ ಕುಡಿದ ಕಾಫಿಗೆ ಕೆನೆ ಕಟ್ಟಿತ್ತು. ಪೀಪಿ ಸದ್ದಾಗದಂತೆ ಲೋಟ ಎತ್ತಿಟ್ಟಳು. ಆದರೂ ಅಮ್ಮನಿಗೆ ಎಚ್ಚರವಾಯಿತು.

“ಬಂದ್ಯಾ?” ಎಂದಳು, ಕಣ್ಣು ತೆರೆಯದೆ. “ತುಂಬ ನಕ್ಕರಾ?”

“ಹೂಂ.” ಪೀಪಿ ಅವಳ ಪಕ್ಕ ಕುರ್ಚಿಯ ತುದಿಯಲ್ಲಿ ಒತ್ತರಿಸಿಕೊಂಡು ಕುಳಿತಳು. ಆಮೇಲೆ ಕಿವಿಯಲ್ಲಿ ಹೇಳಿದಳು: “ಅಮ್ಮಾ, ಕಂಬ ಅಲ್ಲಾಡಿತ್ತು.”

ಅಮ್ಮ ಒಂದೇ ಕಣ್ಣು ತೆರೆದಳು. “ಯಾರಿಗೂ ಹೇಳ್ಬೇಡ. ಕೆಲಸಕ್ಕೆ ಕರೆಯೋದೇ ಬಿಟ್ಟಾರು.”

ಊರಿಗೆಲ್ಲ ಡಂಗುರ ಸಾರುವ ಪೀಪಿ ತುಟಿ ಬಿಗಿದು ತಲೆಯಾಡಿಸಿದಳು. ಅಮ್ಮನ ಕಣ್ಣು ಮತ್ತೆ ಮುಚ್ಚಿತು. ಅವಳ ತಲೆ ಮೆಲ್ಲಗೆ ಪೀಪಿಯ ಹೆಗಲಿಗೆ ವಾಲಿತು. ಭಾರವಾಗಿತ್ತು. ಸ್ವಲ್ಪ ಹೊತ್ತಿಗೇ ಪೀಪಿಯ ಕೈ ಜೋಮು ಹಿಡಿಯಿತು.

ಪೀಪಿ ಮಾತಾಡಲಿಲ್ಲ, ಅಲ್ಲಾಡಲಿಲ್ಲ.